ಗರಡಿಯ ಗಿಡ್ಡ ಬಾಗಿಲು

ಕರಾಟೆ ಶಾಲೆಯಲ್ಲಿ ಕಲಿಯುವ ಮಕ್ಕಳ ನಡೆನುಡಿ ಹೇಗಿರಬೇಕು ಎಂಬುದು ಇಂದಿನ ನನ್ನ ಮಾತಿನ ವಿಷಯ. ಕೇಳಿದೊಡನೆ ಕೆಲವರಿಗಾದರೂ ನಗು ಬಂದೀತು. ಓಕಿನಾವಾ ದ್ವೀಪದ ವಿದ್ಯೆಗೂ ಮಲಪ್ರಭೆಯ ದಂಡೆಗೂ ಎಲ್ಲಿಯ ನಂಟು ಎಂದು ಅವರು ಕೇಳಬಹುದು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರಲ್ಲಿ ಯಾವ ಊರಿನಲ್ಲೇ ಆಗಲಿ, ಸಂಜೆಯ ಹೊತ್ತು ಶಾಲೆಯ ಬಯಲನ್ನು ಹಾದುಹೋಗುವಾಗ ಬಿಳಿಯ ಅಂಗಿ ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದು, ಸಾಲಾಗಿ ನಿಂತ ಮಕ್ಕಳು ಕಣ್ಣಿಗೆ ಬೀಳುವುದು ಈಗ ಅಪರೂಪವಲ್ಲ. ಅವರು ಬಯಲಿಗೆ ಬಾಗುತ್ತಾರೆ, ಗುರುವಿಗೆ ಬಾಗುತ್ತಾರೆ, ಆಮೇಲೆ ತಮ್ಮತಮ್ಮೊಳಗೆ ಒಬ್ಬರಿಗೊಬ್ಬರು ಬಾಗುತ್ತಾರೆ. ನನ್ನ ಸ್ನೇಹಿತರೊಬ್ಬರು ಇದನ್ನು ನೋಡಿ, "ಮನೆಯಾಗ ಅಜ್ಜಗ ನಮಸ್ಕಾರ ಮಾಡಂದ್ರ ಮಾಡೂದಿಲ್ಲ, ಇಲ್ಲಿ ಜಪಾನಕ್ಕ ಮಾಡತಾವು ನೋಡ್ರಿ" ಎಂದು ಚೇಷ್ಟೆ ಮಾಡಿದರು. ಆ ಚೇಷ್ಟೆಯಲ್ಲಿ ಪಾಲುಗೊಳ್ಳುವುದು ನನಗೆ ಸಾಧ್ಯವಾಗಲಿಲ್ಲ. ಈ ಬಾಗುವಿಕೆಯನ್ನು ನಾನು ಕರಾಟೆಯ ಹೆಸರು ಕೇಳುವುದಕ್ಕೆ ಬಹಳ ಮೊದಲೇ, ನಮ್ಮ ಹಳ್ಳಿಯ ಗರಡಿಮನೆಯಲ್ಲಿ ಕಂಡವನು.

ಬೈಲಹೊಂಗಲ ಸೀಮೆಯ ನಮ್ಮ ಹಳ್ಳಿಯ ತಾಲೀಮಿಗೆ ನಾನು ಆರು ವರ್ಷ ಹೋಗಿದ್ದೇನೆ. ಪೈಲವಾನನಾಗಲಿಲ್ಲ, ತಿಂದ ಹಾಲು-ತುಪ್ಪವೆಲ್ಲ ಎಲ್ಲಿ ಹೋಯಿತೋ ತಿಳಿಯದು ಎಂದು ನಮ್ಮ ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ನಾನು ಕಂಡ ಗರಡಿಗಳ ಬಾಗಿಲೆಲ್ಲ ಗಿಡ್ಡ. ಕಿಟಕಿ ಇದ್ದರೆ ಒಂದೇ ಒಂದು, ಅದೂ ಸಣ್ಣದು. ಹೊರಗಿನ ತಂಗಾಳಿ ಬೆವೆತ ಮೈಗೆ ತಾಕಬಾರದೆಂದು ಹಾಗೆ ಕಟ್ಟುತ್ತಿದ್ದರಂತೆ. ನಮ್ಮ ವಸ್ತಾದರು ಹೇಳುತ್ತಿದ್ದ ಕಾರಣವೇ ಬೇರೆ: "ತಲಿ ತಗ್ಗಿಸದ ಯಾವನೂ ಒಳಗ ಬರಬಾರದು, ಅದಕ್ಕ." ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಬಗ್ಗಿ ಒಳಗೆ ಬಂದು, ಬಲಗೈಯಿಂದ ಅಖಾಡದ ಮಣ್ಣನ್ನು ಮುಟ್ಟಿ ಹಣೆಗೂ ಎದೆಗೂ ಹಚ್ಚಿಕೊಳ್ಳಬೇಕು. ಗೂಡಿನಲ್ಲಿ ಮಾರುತಿ ಇದ್ದ. ಶನಿವಾರ ಅವನಿಗೆ ಎಣ್ಣೆ, ಎಕ್ಕಿಯ ಹಾರ. ಮುಸಲ್ಮಾನರ ಹುಡುಗರು ತಮ್ಮ ದೇವರ ಹೆಸರು ಹೇಳಿ ಅದೇ ಮಣ್ಣನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ದೇವರು ಬೇರೆಯಾದರೂ ಮಣ್ಣು ಒಂದೇ ಆಗಿತ್ತು. ಅದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಆ ಮಣ್ಣಿನ ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕು. ನಮ್ಮದು ಎರೆಯ ನಾಡು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದವರೆಗೆ ಕಣ್ಣು ಹಾಯಿಸಿದಷ್ಟೂ ಕರಿಯ ಭೂಮಿ. ಜೋಳಕ್ಕೆ, ಹತ್ತಿಗೆ ಅದು ತಾಯಿ, ಕುಸ್ತಿಗೆ ಬಾರದು. ಹಸಿಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆಯಾಗಿ ಕಲ್ಲಿನಂತೆ ಚುಚ್ಚುತ್ತದೆ. ಆದ್ದರಿಂದ ಅಖಾಡದ ಕೆಮ್ಮಣ್ಣನ್ನು ಕಿತ್ತೂರಿನ ಪಡುವಲಿಗೆ, ಮಲೆನಾಡಿನ ಸೆರಗು ತೊಡಗುವ ಕಡೆಯಿಂದ, ಚಕ್ಕಡಿಯಲ್ಲಿ ಹೇರಿ ತರಿಸಬೇಕಾಗುತ್ತಿತ್ತು. ತಂದದ್ದನ್ನು ಜರಡಿ ಹಿಡಿದು, ಹರಳು ಆರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆಹಣ್ಣಿನ ರಸ ಬೆರೆಸಿ ಹದ ಮಾಡುತ್ತಿದ್ದರು. ಊರಿನ ಎಷ್ಟೋ ಮನೆಗಳ ಎಣ್ಣೆ ಮಜ್ಜಿಗೆ ಆ ಮಣ್ಣಿನಲ್ಲಿ ಸೇರಿರುತ್ತಿತ್ತು. ಅಂಥ ಮಣ್ಣಿನಲ್ಲಿ ಉಗುಳಬಾರದು ಎಂಬ ನಿಯಮಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ದಿನವೂ ಕುಸ್ತಿಗೆ ಮುಂಚೆ ಗುದ್ದಲಿ ಹಿಡಿದು ಆ ಮಣ್ಣನ್ನು ಅಗೆಯಬೇಕು. ರಾತ್ರಿ ಕಳೆಯುವುದರೊಳಗೆ ಅದು ಬಿಗಿದುಕೊಂಡಿರುತ್ತದೆ. ಬಿಗಿದ ನೆಲದ ಮೇಲೆ ಎತ್ತಿ ಒಗೆಸಿಕೊಂಡವನ ಪಕ್ಕೆಲುಬು ಉಳಿಯುವುದಿಲ್ಲ. ಅಗೆಯುವ ಸರದಿ ಕಿರಿಯರದೇ ಎಂದು ನೀವು ಭಾವಿಸಬಹುದು. ನಮ್ಮಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದ ಪೈಲವಾನನೂ ತನ್ನ ಸರದಿಗೆ ಗುದ್ದಲಿ ಹಿಡಿಯುತ್ತಿದ್ದ. ಉಗುರು ಕತ್ತರಿಸಿರಬೇಕು, ಬೆರಳಿನಲ್ಲಿ ಉಂಗುರ ಇರಬಾರದು, ಮಲಗಿದವನನ್ನು ದಾಟಬಾರದು, ಜ್ವರ ಬಂದವನು ಅಖಾಡಕ್ಕಿಳಿಯಬಾರದು ಎಂಬಿವೇ ಮೊದಲಾದ ಕಟ್ಟುಗಳಲ್ಲಿ ಹೆಚ್ಚಿನವು ಎದುರಿನವನ ಮೈಯನ್ನು ನೆನೆದು ಮಾಡಿದವು. ಕರಾಟೆ ಕಲಿಯುವ ಮಕ್ಕಳು ತರಗತಿಗೆ ಮುಂಚೆ ನೆಲ ಒರೆಸುವುದನ್ನು ಕಂಡು ಒಬ್ಬ ತಾಯಿ, ಫೀ ಕೊಟ್ಟು ಕಸಗುಡಿಸಲು ಕಳಿಸಬೇಕೇ ಎಂದು ನನ್ನೆದುರು ಬೇಸರಪಟ್ಟುಕೊಂಡರು. ಬರಿಗಾಲಲ್ಲಿ ಬೀಳುವ ಏಳುವ ಮಕ್ಕಳು ತಾವೇ ಒರೆಸಿದ ನೆಲದಲ್ಲಿ ಒಂದು ಮೊಳೆ ಉಳಿಯಗೊಡುವುದಿಲ್ಲ ಎಂದು ಅವರಿಗೆ ಹೇಳಿದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಕರಾಟೆ ಕಲಿಯುವ ತಾಣಕ್ಕೆ ಜಪಾನೀಯರು 'ದೋಜೋ' ಎನ್ನುತ್ತಾರೆ. ಈ ಶಬ್ದದ ಮೂಲ ನಮಗೆ ಅಪರಿಚಿತವಲ್ಲ. ಬುದ್ಧನು ಬೋಧಿವೃಕ್ಷದ ಕೆಳಗೆ ಕುಳಿತ ಸ್ಥಳವನ್ನು ಸಂಸ್ಕೃತದಲ್ಲಿ 'ಬೋಧಿಮಂಡ' ಎಂದರು. ಬೌದ್ಧ ಗ್ರಂಥಗಳು ಚೀನಕ್ಕೆ ಹೋದಾಗ ಆ ಶಬ್ದಕ್ಕೆ ಮಾಡಿದ ಅನುವಾದವೇ ಜಪಾನಿನಲ್ಲಿ ದೋಜೋ ಆಯಿತು. ಮೊದಲು ಅದು ಮಠಗಳ ಮಾತು, ಆಮೇಲೆ ಕತ್ತಿವರಸೆಯ ಮನೆಗಳಿಗೂ ಹತ್ತಿತು. ಕರಾಟೆಯನ್ನು ಓಕಿನಾವಾದಿಂದ ಜಪಾನಿನ ಮುಖ್ಯಭೂಮಿಗೆ ತಂದವರಲ್ಲಿ ಮುಖ್ಯನಾದ ಗಿಚಿನ್ ಫುನಾಕೋಶಿ ಒಬ್ಬ ಶಾಲಾ ಮಾಸ್ತರ. 1922ರಲ್ಲಿ ಟೋಕಿಯೋದಲ್ಲಿ ಆತ ತನ್ನ ವಿದ್ಯೆಯನ್ನು ಪ್ರದರ್ಶಿಸಿದಾಗ ವಯಸ್ಸು ಐವತ್ತು ದಾಟಿತ್ತು. ಈ ವಿದ್ಯೆಯ ಆದಿಯೂ ಅಂತ್ಯವೂ ವಿನಯವೇ ಎಂಬುದು ಆತ ಶಿಷ್ಯರಿಗೆ ಕೊಟ್ಟ ಸೂತ್ರಗಳಲ್ಲಿ ಮೊದಲನೆಯದು. ಅವನ ಪರಂಪರೆಯ ಶಾಲೆಗಳಲ್ಲಿ ಪಾಠ ಮುಗಿದಾಗ ಐದು ವ್ರತಗಳನ್ನು ಒಕ್ಕೊರಲಿನಿಂದ ಹೇಳಿಸುವ ರೂಢಿಯುಂಟು. ಶೀಲ, ನಿಷ್ಠೆ, ಪ್ರಯತ್ನ, ಮರ್ಯಾದೆ, ಆವೇಶದ ನಿಗ್ರಹ ಇವು ಅವುಗಳ ತಿರುಳು. ಒಂದು ವಿಶೇಷವೆಂದರೆ ಐದಕ್ಕೂ ಹಿಂದೆ 'ಒಂದು' ಎಂದೇ ಹೇಳುತ್ತಾರೆ. ಎರಡು, ಮೂರು ಎಂಬ ಎಣಿಕೆಯೇ ಇಲ್ಲ. ಯಾವುದೂ ಎರಡನೆಯದಲ್ಲ ಎಂದು ಅದರ ಅಭಿಪ್ರಾಯ. ನಮ್ಮ ಕಚೇರಿಗಳ ಸೂಚನಾಫಲಕ ಬರೆಯುವವರು ಇದನ್ನು ಗಮನಿಸಬಹುದು.

ಇನ್ನು ಅಖಾಡದೊಳಗಿನ ಮಾತಿಗೆ ಬರೋಣ. ಕುಸ್ತಿಗೆ ನಿಂತ ಇಬ್ಬರೂ ಮೊದಲು ಕೈಗೆ ಕೈ ತಾಗಿಸಿ ಸಲಾಮಿ ಮಾಡುತ್ತಾರೆ. ಬಳಿಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎದುರಿನವನ ಭುಜಕ್ಕೆ, ತೋಳಿಗೆ ಹಚ್ಚುತ್ತಾರೆ. ನೋಡುವವರಿಗೆ ಇದು ಬರಿಯ ಶಾಸ್ತ್ರ. ಬೆವರಿನ ಮೈ ಜಾರುತ್ತದೆ, ಮಣ್ಣು ಹಚ್ಚಿದರೆ ಹಿಡಿತ ಸಿಗುತ್ತದೆ. ಅಂದರೆ ನನ್ನನ್ನು ಹಿಡಿಯಲು ನಿನಗೆ ಅನುಕೂಲವಾಗಲಿ ಎಂದು ಅವನೂ, ನಿನ್ನನ್ನು ಹಿಡಿಯಲು ನನಗೆ ಆಗಲಿ ಎಂದು ಇವನೂ ಒಪ್ಪಿ ಮಾಡಿಕೊಳ್ಳುವ ಕರಾರು ಅದು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಪಂಚರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಮೈಕಟ್ಟು, ವಯಸ್ಸು ಅಳೆದೇ ಕುಸ್ತಿ ಹಚ್ಚುತ್ತಾರೆ. ಇದು ನಿನ್ನೆ ಮೊನ್ನೆಯ ನ್ಯಾಯವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮಲ್ಲರನ್ನು ವರ್ಗ ವರ್ಗವಾಗಿ ವಿಂಗಡಿಸಿ ವರ್ಣಿಸುತ್ತದೆ. ಆಗ ಸುಗಂಧವರ್ತಿ ಎಂದು ಹೆಸರಾಗಿದ್ದ ನಮ್ಮ ಸವದತ್ತಿಯ ರಟ್ಟರು ಆ ಚಾಲುಕ್ಯರ ಸಾಮಂತರು.

ಆದರೆ ಗರಡಿಯ ನಡತೆಯ ನಿಜವಾದ ಒರೆಗಲ್ಲು ಜಾತ್ರೆಯ ಕುಸ್ತಿಯಲ್ಲ, ದಿನದ ಪಟ್ಟು. ಅಲ್ಲಿ ಜೋಡಿ ಸಮವಾಗಿರುವುದಿಲ್ಲ. ಎಂಬತ್ತು ಕಿಲೋದ ಪೈಲವಾನನ ಕೆಳಗೆ ನಲವತ್ತು ಕಿಲೋದ ಹುಡುಗ ಬೋರಲಾಗಿ ಬಿದ್ದಿರುತ್ತಾನೆ. ದೊಡ್ಡವನು ತನ್ನ ತೂಕವನ್ನು ಅಂಗೈ ಮೇಲೂ ಮಂಡಿಯ ಮೇಲೂ ತೂಗಿಕೊಂಡು, ಹುಡುಗನ ಬೆನ್ನಿಗೆ ಬೇಕಾದಷ್ಟನ್ನೇ ಬಿಡಬೇಕು. ಹುಡುಗ ಹೆಣಗಾಡಿ ಹೊರಳುವಷ್ಟು ಭಾರ, ಉಸಿರು ಕಟ್ಟುವಷ್ಟಲ್ಲ. ಎಷ್ಟು ಬಿಡಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ನಮ್ಮ ವಸ್ತಾದರು ಹಿರಿಯ ಪೈಲವಾನರನ್ನು ಅಳೆಯುತ್ತಿದ್ದುದು ಈ ಭಾರದಿಂದಲೇ. ಕರಾಟೆಯಲ್ಲಿಯೂ ಇದಕ್ಕೆ ಸಾಟಿಯಾದ ಒಂದು ಅಭ್ಯಾಸವಿದೆ. ಪೂರ್ಣ ವೇಗದಲ್ಲಿ ಹೊರಟ ಮುಷ್ಟಿಯನ್ನು ಎದುರಿನವನ ಮೈಗೆ ಬೆರಳಿನಷ್ಟು ಈಚೆಗೆ ತಡೆದು ನಿಲ್ಲಿಸುವುದು. ಹೊಡೆಯಲು ಬಾರದವನು ಹಾಗೆ ತಡೆಯಲಾರ. ಚೆನ್ನಾಗಿ ಹೊಡೆಯಬಲ್ಲವನೇ ತಡೆಯಬಲ್ಲ. ಮೊದಲು ಬಾಗುವುದು, ಮಣ್ಣು ಹಚ್ಚುವುದು, ಸಾಲಿನಲ್ಲಿ ನಿಲ್ಲುವುದು ಇವೆಲ್ಲ ಈ ಒಂದು ತಡೆಗಾಗಿ ನಡೆಯುವ ಸಿದ್ಧತೆ ಎಂದೇ ನನ್ನ ತಿಳುವಳಿಕೆ. ನನ್ನ ಮೈಯನ್ನು ನಿನ್ನ ಕೈಯಲ್ಲಿ ಇಟ್ಟಿದ್ದೇನೆ, ಜೋಕೆ ಎಂದು ಬಾಯಿಬಿಟ್ಟು ಹೇಳಲು ನಾಚುವ ಮಾತನ್ನು ಬಾಗಿ ಹೇಳುತ್ತಾರೆ.

ಈ ತಡೆ ಗರಡಿಯ ಹೊರಗೂ ಬೇಕು. ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿಯಾಗಿದ್ದವನು. ಹೊಲ ಉಂಬಳಿ ಪಡೆದು, ಅದಕ್ಕೆ ಪ್ರತಿಯಾಗಿ ಊರನ್ನೂ ನಾಡನ್ನೂ ಕಾಯುವ ಹೊಣೆ ಹೊತ್ತವರು ಶೇತಸನದಿಗಳು. ತೋಳಿನ ಬಲ ಊರಿನ ಅನ್ನಕ್ಕೆ ಋಣಿ ಎಂಬ ಕಟ್ಟು ಆ ಪದ್ಧತಿಯಲ್ಲಿಯೇ ಇತ್ತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಮೇಲೂ ನಮ್ಮ ಭಾಗದ ಗರಡಿಗಳಲ್ಲಿ ಆ ಹೆಸರಿಗೆ ಇರುವ ತೂಕ ಕಡಿಮೆಯಾಗಿಲ್ಲ. ನಾನು ತಾಲೀಮಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮವನೇ ಆದ ಒಬ್ಬ ಹುರುಪಿನ ಪೈಲವಾನ ಎಲ್ಲಮ್ಮನ ಜಾತ್ರೆಯ ನೂಕುನುಗ್ಗಲಲ್ಲಿ ಒಬ್ಬ ಮುದಿ ಗಾಡಿಯವನ ಕಪಾಳಕ್ಕೆ ಹೊಡೆದು ಬಂದ. ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ವಸ್ತಾದರು ಬಯ್ಯಲಿಲ್ಲ. "ನಾಳಿಂದ ಹದಿನೈದು ದಿನ ನೀನ ಅಗಿ. ಆದರ ಇಳೀಬ್ಯಾಡ" ಎಂದರು, ಅಷ್ಟೇ. ಹದಿನೈದು ದಿನ ಆತ ನಸುಕಿನಲ್ಲಿ ಬಂದು ಇಡೀ ಅಖಾಡ ಅಗೆದು, ಕೈತೊಳೆದು, ಗಿಡ್ಡ ಬಾಗಿಲಿನ ಹೊರಗೆ ನಿಂತು ಉಳಿದವರ ಕುಸ್ತಿ ನೋಡಿದ. ಹದಿನಾರನೆಯ ದಿನ ವಸ್ತಾದರೇ ಅವನನ್ನು ಕರೆದುಕೊಂಡು ಗಾಡಿಯವನ ಊರಿಗೆ ಹೋದರು. ಅಲ್ಲಿ ಏನಾಯಿತೆಂದು ಇಬ್ಬರೂ ಹೇಳಲಿಲ್ಲ.

ಗರಡಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕುಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಎಲ್ಲ ಊರಿನ ಗರಡಿಯ ಬಾಗಿಲೂ ಎಲ್ಲ ಕೇರಿಯ ಹುಡುಗರಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಎಲ್ಲಿಯೂ ತೆರೆದಿರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆಯ ಸೈನ್ಯವನ್ನು ಮುರಿದ ಚನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿಯೇ ಇದೆ. ಆ ಸಮಾಧಿಗೆ ಹೂವೇರಿಸಿ ಗರಡಿಗೆ ಹೋದ ನಾವು ನಮ್ಮ ತಂಗಿಯರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದೆವು. ಕಿತ್ತೂರಿನಲ್ಲಿ 1969ರಲ್ಲಿ ಹೆಣ್ಣುಮಕ್ಕಳ ಸೈನಿಕ ವಸತಿಶಾಲೆ ತೆರೆದಾಗ ಮೂಗು ಮುರಿದವರನ್ನು ನಾನು ಬಲ್ಲೆ. 2016ರಲ್ಲಿ ಸಾಕ್ಷಿ ಮಲಿಕ್ ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಅವರೇ ಪೇಢೆ ಹಂಚಿದರು. ಕರಾಟೆಯವರು ಈ ಒಂದು ವಿಷಯದಲ್ಲಿ ನಮಗಿಂತ ಮುಂದೆ. ಅವರ ಸಾಲಿನಲ್ಲಿ ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಪಟ್ಟಿಯ ಬಣ್ಣದಂತೆ ನಿಲ್ಲುತ್ತಾರೆ. ಕಂದುಪಟ್ಟಿಯ ಹುಡುಗಿಗೆ ಬಿಳಿಪಟ್ಟಿಯ ಹುಡುಗ ಮೊದಲು ಬಾಗುತ್ತಾನೆ.

ಹೆಣ್ಣುಮಕ್ಕಳು ಬಂದರು ಎಂದಮೇಲೆ ನಡತೆಯ ಪ್ರಶ್ನೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಸವದತ್ತಿಯಲ್ಲಿರುವ ನನ್ನ ತಂಗಿಯ ಮಗಳು ತನ್ನ ಹನ್ನೊಂದು ವರ್ಷದ ಮಗಳನ್ನು ಕರಾಟೆಗೆ ಸೇರಿಸಿದಾಗ ಅಲ್ಲಿ ಕೊಟ್ಟ ನಿಯಮಗಳ ಹಾಳೆಯನ್ನು ನನಗೆ ತೋರಿಸಿದಳು. "ಮಾಮಾ, ಸಹಿ ಮಾಡೂದಕ್ಕಿಂತ ಮೊದಲ ನೀವೊಮ್ಮೆ ಓದ್ರಿ" ಎಂದಳು. ಹದಿನೆಂಟು ನಿಯಮಗಳಿದ್ದವು. ಹೊತ್ತಿಗೆ ಸರಿಯಾಗಿ ಬರುವುದು, ಉಗುರು ಕತ್ತರಿಸುವುದು, ಕಲಿತದ್ದನ್ನು ಶಾಲೆಯ ಗೆಳೆಯರ ಮೇಲೆ ಪ್ರಯೋಗಿಸದಿರುವುದು ಇತ್ಯಾದಿಗಳಿಗೆಲ್ಲ ನಮ್ಮ ವಸ್ತಾದರೂ ಸಹಿ ಹಾಕುತ್ತಿದ್ದರು. ಎರಡು ಮಾತ್ರ ನನ್ನನ್ನು ತಡೆದವು. ಗುರುಗಳ ಆಜ್ಞೆಯನ್ನು ಪ್ರಶ್ನಿಸಕೂಡದು ಎಂದು ಒಂದು. ತರಗತಿಯಲ್ಲಿ ನಡೆದದ್ದನ್ನು ಹೊರಗೆ ಹೇಳಕೂಡದು ಎಂದು ಇನ್ನೊಂದು. ಹದಿನೆಂಟೂ ಶಿಷ್ಯರಿಗೇ. ಗುರುವಿಗೆ ಒಂದೂ ಇರಲಿಲ್ಲ.

ಗುರುವಿನ ಮಾತು ಮೀರಬಾರದೆಂಬುದು ನಮ್ಮ ನಾಡಿನಲ್ಲಿ ಹುಟ್ಟಿದೊಡನೆ ಕೇಳುವ ಮಾತು. ಆದರೆ ಏಕಲವ್ಯನ ಕಥೆಯನ್ನು ಶಿಷ್ಯನ ನಡತೆಗೆ ಉದಾಹರಣೆಯಾಗಿ ಓದುವ ನಾವು, ಅದನ್ನು ಗುರುವಿನ ನಡತೆಗೆ ಉದಾಹರಣೆಯಾಗಿ ಓದುವುದಿಲ್ಲ. ಕಲಿಸದೆ ಇದ್ದ ವಿದ್ಯೆಗೆ ಹೆಬ್ಬೆರಳನ್ನು ಕೇಳಿದ ಕೈ ಯಾವುದು ಎಂದು ಕೇಳುವುದಿಲ್ಲ. ರನ್ನ ಹುಟ್ಟಿದ ಮುಧೋಳ ರಾಮದುರ್ಗಕ್ಕೆ ದೂರವೇನಲ್ಲ. ಗದಾಯುದ್ಧದ ಕಥೆ ನಮ್ಮ ಭಾಗದಲ್ಲಿ ಓದು ಬಾರದವರಿಗೂ ಗೊತ್ತು. ನಾಭಿಯ ಕೆಳಗೆ ಹೊಡೆಯಕೂಡದೆಂಬ ಕಟ್ಟನ್ನು ಭೀಮ ಮುರಿದಾಗ ಮಹಾಭಾರತದಲ್ಲಿ ಸಿಟ್ಟಿಗೆದ್ದವನು ಇಬ್ಬರಿಗೂ ಗದೆ ಕಲಿಸಿದ ಬಲರಾಮ. ತನ್ನ ಶಿಷ್ಯ ಗೆದ್ದನೆಂದು ಸುಮ್ಮನಾಗದೆ ಕಟ್ಟು ಮುರಿಯಿತೆಂದು ನೇಗಿಲೆತ್ತಿದ ಗುರು ನನಗೆ ದ್ರೋಣನಿಗಿಂತ ಹಿರಿಯನಾಗಿ ಕಾಣುತ್ತಾನೆ.

ಹೊರಗೆ ಹೇಳಕೂಡದೆಂಬ ನಿಯಮಕ್ಕೆ ಗರಡಿಯಲ್ಲಿಯೂ ಒಂದು ಹೋಲಿಕೆ ಉಂಟು. ನಮ್ಮ ತಾಲೀಮಿನ ಪಟ್ಟನ್ನು ಇನ್ನೊಂದು ತಾಲೀಮಿನವರಿಗೆ ಬಿಟ್ಟುಕೊಡಬಾರದು ಎನ್ನುತ್ತಿದ್ದರು. ಆದರೆ ಪಟ್ಟಿನ ಗುಟ್ಟು ಬೇರೆ, ಮಗುವಿನ ಮೈಗೆ ಆದದ್ದರ ಗುಟ್ಟು ಬೇರೆ. 2023ರ ಜನವರಿಯಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತದ್ದನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ಮೇಲೆ ಮಹಿಳಾ ಪಟುಗಳು ಲೈಂಗಿಕ ಕಿರುಕುಳದ ಆರೋಪ ಹೊರಿಸಿದ್ದರು. ಆರೋಪದ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಒಲಿಂಪಿಕ್ಸ್ ಪದಕ ಗೆದ್ದವರೇ ಬಾಯಿ ತೆರೆಯಲು ಬೀದಿಯಲ್ಲಿ ಕುಳಿತುಕೊಳ್ಳಬೇಕಾಯಿತು ಎನ್ನುವಾಗ ಹನ್ನೊಂದು ವರ್ಷದ ಹುಡುಗಿಗೆ ಹೊರಗೆ ಹೇಳಬೇಡ ಎಂದು ಅಚ್ಚು ಹಾಕಿಸಿದ ಹಾಳೆಗೆ ತಾಯಿಯ ಸಹಿ ಬೀಳಬಾರದು. ಮಕ್ಕಳನ್ನು ಇಂಥ ಅಪರಾಧಗಳಿಂದ ಕಾಯುವುದಕ್ಕೆ 2012ರಿಂದ ಪೋಕ್ಸೋ ಎಂಬ ಕಾಯಿದೆಯೇ ಇದೆ. ಅಪರಾಧ ನಡೆದಿದೆಯೆಂದು ತಿಳಿದೂ ದೂರು ಕೊಡದೆ ಸುಮ್ಮನಿರುವುದನ್ನು ಅದು ತಪ್ಪೆಂದು ಎಣಿಸುತ್ತದೆ.

ಆ ಎರಡು ನಿಯಮಗಳನ್ನು ಹೊಡೆದುಹಾಕಿ, ಹಾಳೆಯ ಖಾಲಿ ಬೆನ್ನಿನ ಮೇಲೆ ನಾನು ಗುರುವಿಗಾಗಿ ನಾಲ್ಕು ಸಾಲು ಬರೆದೆ. ಶಿಷ್ಯ ನೆಲವನ್ನಾಗಲಿ ಎದುರಿನವನ ಮೈಯನ್ನಾಗಲಿ ಎರಡು ಸಲ ತಟ್ಟಿದರೆ, ಅಥವಾ ಸಾಕು ಎಂದರೆ, ಹಿಡಿದವರು ಯಾರೇ ಇರಲಿ, ಗುರುವೇ ಇರಲಿ, ಆ ಕ್ಷಣ ಕೈ ಬಿಡಬೇಕು. ಮಗುವಿನ ನಿಲುವು ತಿದ್ದಲು ಕೈ ಹಾಕುವ ಮೊದಲು ಎಲ್ಲಿ, ಏತಕ್ಕೆ ಎಂದು ಬಾಯಲ್ಲಿ ಹೇಳಬೇಕು. ತರಗತಿಯಲ್ಲಿ ನಡೆದ ಯಾವುದನ್ನೂ ಮನೆಯಲ್ಲಿ ಹೇಳಲು ಮಗು ಸ್ವತಂತ್ರ. ತಾಯಿ ತಂದೆ ಯಾವ ದಿನ ಬೇಕಾದರೂ ಮುನ್ಸೂಚನೆ ಇಲ್ಲದೆ ಬಂದು ಕುಳಿತು ನೋಡಬಹುದು.

ಗುರು ಇನ್ನೂ ತರುಣ. ನನ್ನನ್ನು ಕಾಣಲು ತಾನೇ ಬಂದ, ಹೊರಗೆ ಬೂಟು ಬಿಚ್ಚಿ, ಒಳಗೆ ಬಂದು ಬಾಗಿದ. ಹಾಳೆಯನ್ನು ಬೇರೊಂದು ಶಾಲೆಯಿಂದ ಹಾಗೆಯೇ ನಕಲು ಮಾಡಿಸಿದ್ದೆನೆಂದೂ ಆ ಎರಡು ನಿಯಮಗಳ ಅರ್ಥವನ್ನು ಯೋಚಿಸಿರಲಿಲ್ಲವೆಂದೂ ಹೇಳಿದ. ನನ್ನ ಮೊದಲಿನ ಮೂರು ಸಾಲನ್ನು ಒಪ್ಪಿಕೊಂಡ. ನಾಲ್ಕನೆಯದಕ್ಕೆ ಮಾತ್ರ, "ಸರ್, ದಿನಾ ಪಾಲಕರು ಬಂದು ಕುಂತ್ರ ಹುಡುಗರು ಅವರ ಕಡೆನ ನೋಡತಾವ್ರಿ, ಶನಿವಾರ ಒಂದಿನ ಇಡೋಣ್ರಿ" ಎಂದ. ಹೊಸ ಹಾಳೆಯಲ್ಲಿ ಹಾಗೆಯೇ ಅಚ್ಚಾಗಿದೆ: ಶನಿವಾರ, ಸಂಜೆ ಐದೂವರೆಯಿಂದ ಏಳು. ಉಳಿದ ಐದು ದಿನದ ಬಾಗಿಲಿನ ಕುರಿತು ನಮ್ಮಿಬ್ಬರ ನಡುವೆ ಮಾತು ಇನ್ನೂ ನಡೆದಿದೆ.